ಒಂದು ಫಾರಂ ಕಡಿಮೆ

ಜೂನ್ ೪

ಗೋಂದುಗೆ,

ನಾನು ಕ್ಷೇಮ. ನೀನು ಕ್ಷೇಮವಾಗಿಲ್ಲ ಎಂದು ಗೊತ್ತಿರುವುದರಿಂದ ಆ ಇನ್ನೊಂದು ಸಾಲನ್ನು ಬರೆಯದೆ ಬಿಟ್ಟಿದ್ದೇನೆ.

ನಿನ್ನ ಸೊಸೆಯ ಪತ್ರ ಬಂತು. ನಿನಗೆ ಹೇಳದೆ ಬರೆದಿದ್ದಾಳೆ, ಅದಕ್ಕೆ ಅವಳನ್ನು ಬೈಯಬೇಡ. ಬೈಯುವಷ್ಟು ಮಾತಾದರೂ ನಿಮ್ಮಿಬ್ಬರ ನಡುವೆ ಉಳಿದಿದ್ದರೆ ಅವಳು ನನಗೆ ಯಾಕೆ ಬರೆಯುತ್ತಿದ್ದಳು. ನಿನ್ನ ಮಗ ಏಣಿಯಿಂದ ಬಿದ್ದು ತೀರಿಹೋಗಿ ವರ್ಷವಾಗುತ್ತ ಬಂತು, ಎರಡು ಕೋಣೆಯ ಮನೆಯಲ್ಲಿ ಅತ್ತೆ ಒಂದು ಕಡೆ, ಸೊಸೆ ಒಂದು ಕಡೆ, ‘ಟೀ ಇಟ್ಟಿದ್ದೀನಿ’, ‘ಹ್ಞೂಂ’, ಇಷ್ಟೇ ಸಂಸಾರ ಎಂದು ಬರೆದಿದ್ದಾಳೆ. ನಿನ್ನ ಒಂದು ಕಣ್ಣು ಪೂರ್ತಿ ಮಂಜಾಗಿದೆಯಂತೆ, ಇನ್ನೊಂದರಲ್ಲೂ ಪೊರೆ ಬಲಿತಿದೆಯಂತೆ. ಚಳಿಗಾಲದೊಳಗೆ ಆಪರೇಷನ್ ಆಗದಿದ್ದರೆ ಆಮೇಲೆ ಮಾಡಿಯೂ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿದ್ದಾರಂತೆ. ನೀನು ‘ನೋಡೋಕೆ ಇನ್ನೇನು ಉಳಿದಿದೆ’ ಅಂದೆಯಂತೆ.

ನಾನು ಉಳಿದಿದ್ದೇನೆ. ಮುಖ ಅಷ್ಟೇನೂ ಚೆನ್ನಾಗಿಲ್ಲ, ಒಪ್ಪುತ್ತೇನೆ.

ಈಗ ವಿಷಯಕ್ಕೆ ಬರುತ್ತೇನೆ. ಮೊಮ್ಮಗಳು ನನಗೊಂದು ಪುಸ್ತಕ ತಂದುಕೊಟ್ಟಳು. ‘ಅಜ್ಜಿ, ಜೀವಮಾನವೆಲ್ಲ ಪುಸ್ತಕ ಹೊಲಿದೆ, ಒಂದನ್ನಾದರೂ ಓದು’ ಅಂದಳು. ಮಾತು ನಿಜ. ಪ್ರೆಸ್ಸಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ನೀನೂ ನಾನೂ ಎದುರುಬದುರು ಕೂತು ಎಷ್ಟು ಪುಸ್ತಕ ಮಡಿಸಿದೆವೋ, ಎಷ್ಟು ಹೊಲಿದೆವೋ, ಒಳಗೆ ಏನಿದೆ ಎಂದು ಒಂದು ದಿನ ನೋಡಲಿಲ್ಲ. ನೋಡಿದರೆ ಮೂಗು ಮೇಸ್ತ್ರಿ ಬಿಡುತ್ತಿದ್ದನೇ? ‘ಓದೋಕೆ ಬಂದಿದ್ದೀರೋ ಹೊಲಿಯೋಕೆ ಬಂದಿದ್ದೀರೋ, ತಾಯಂದಿರಾ’ ಎಂದು ಮೂಗಿನಲ್ಲೇ ಕೇಳುತ್ತಿದ್ದ.

ಇದು ಒಬ್ಬ ಯಹೂದಿ ಹೆಂಗಸು ಮುದುಕಿಯಾದ ಮೇಲೆ ಬರೆದದ್ದು, ನಮ್ಮ ಭಾಷೆಗೆ ಯಾರೋ ತಂದಿದ್ದಾರೆ. ಆ ದೊಡ್ಡ ಯುದ್ಧದ ಕಾಲದಲ್ಲಿ, ಯಹೂದಿಗಳಾಗಿ ಹುಟ್ಟಿದರು ಎಂಬ ಒಂದೇ ಕಾರಣಕ್ಕೆ ಜನರನ್ನು ಮನೆಮನೆಯಿಂದ ಹಿಡಿದು, ದನ ತುಂಬುವ ರೈಲಿನಲ್ಲಿ ತುಂಬಿ, ಮುಳ್ಳುತಂತಿಯ ಶಿಬಿರಗಳಿಗೆ ಸಾಗಿಸಿ ಲಕ್ಷ ಲಕ್ಷವಾಗಿ ಕೊಂದರಲ್ಲ, ಅಲ್ಲಿಂದ ಬದುಕಿ ಬಂದವಳು ಇವಳು. ನನ್ನದು ಹಳ್ಳಿ ಶಾಲೆಯ ಮೂರನೇ ತರಗತಿಯ ಓದು ಎಂದು ನಿನಗೆ ಗೊತ್ತು. ಬೆರಳಿಟ್ಟು ಓದುತ್ತೇನೆ. ಒತ್ತಕ್ಷರ ಬಂದರೆ ಗಾಡಿ ನಿಂತು, ಇಳಿದು, ತಳ್ಳಿ, ಮತ್ತೆ ಹತ್ತಬೇಕು. ಆದರೂ ಬಿಡಲಾಗುತ್ತಿಲ್ಲ.

ನಿನಗೆ ಇಡೀ ಪುಸ್ತಕ ಕಳಿಸಿದರೆ ಗೋಡೆಗೆ ಮುಖ ಮಾಡಿ ಮಲಗುತ್ತೀಯ. ಅದಕ್ಕೆ ಹೊಲಿಗೆ ಬಿಚ್ಚಿ ಫಾರಂ ಫಾರಂ ಬಿಡಿಸಿದೆ. (ಸೊಸೆಗೆ: ಪ್ರೆಸ್ಸಿನ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟದ ಒಂದು ಕಟ್ಟು ಆಗುತ್ತದೆ, ಅದೇ ಫಾರಂ. ಅವನ್ನು ಒಂದರ ಮೇಲೊಂದು ಜೋಡಿಸಿ ಹೊಲಿದರೆ ಪುಸ್ತಕ. ನಿನ್ನ ಅತ್ತೆಗೆ ಇದನ್ನು ಹೇಳುವ ಅಗತ್ಯವಿಲ್ಲ.) ನಾನು ಬ್ಲೇಡು ಹಿಡಿದದ್ದು ನೋಡಿ ಮೊಮ್ಮಗಳು, ‘ಅಯ್ಯೋ, ಪುಸ್ತಕ ಕೊಲ್ತಿದ್ದೀಯಾ’ ಅಂದಳು. ‘ಹುಟ್ಟಿಸಿದವರೇ ನಾವು ಕಣೇ, ಸುಮ್ಮನಿರು’ ಅಂದೆ.

ಒಂದು ಫಾರಂ ಇದರ ಜೊತೆ ಇದೆ. ಸೊಸೆ ಓದಲಿ, ನೀನು ಕೇಳು. ಕೇಳಿದೆ ಎಂದು ಉತ್ತರ ಬಂದರೆ ಮುಂದಿನದು. ಸೊಸೆ, ಈ ಪತ್ರ ಓದುವಾಗ ಬೈಗುಳ ಬಂದ ಕಡೆ ದನಿ ತಗ್ಗಿಸಬೇಡ.

ಇಂತಿ,
ನಿನ್ನ ಕತ್ತರಿ


ಜೂನ್ ೧೯

ದೊಡ್ಡಮ್ಮನವರಿಗೆ ನಮಸ್ಕಾರಗಳು.

ನೀವು ಕಳಿಸಿದ್ದು ಸಿಕ್ಕಿತು. ಕೆಲಸ ಮುಗಿಸಿ ಔಷಧಿ ಅಂಗಡಿಯಿಂದ ಬಂದ ಮೇಲೆ ಸಂಜೆ ಓದಿದೆ. ಆದರೆ ದೊಡ್ಡಮ್ಮ, ನೀವು ಕಳಿಸಿರುವುದು ಪುಸ್ತಕದ ಕೊನೆಯ ಭಾಗ. ನಾಲ್ಕು ಪುಟ ಓದಿದ ಮೇಲೆ ನನಗೆ ಗೊತ್ತಾಯಿತು. ನಿಲ್ಲಿಸಲೋ ಬೇಡವೋ ತಿಳಿಯದೆ ಓದುತ್ತಲೇ ಹೋದೆ.

ಅದರಲ್ಲಿ ಆ ಹೆಂಗಸಿಗೆ ಎಂಬತ್ತರ ಹತ್ತಿರ ವಯಸ್ಸು. ಬೇರೆ ದೇಶದಲ್ಲಿ, ಮೂರನೇ ಮಹಡಿಯ ಮನೆಯಲ್ಲಿ ಇದ್ದಾಳೆ. ಪಕ್ಕದ ಮನೆಯವನು ರೇಡಿಯೋ ಜೋರಾಗಿ ಹಾಕುತ್ತಾನೆಂದು ಅವನ ಜೊತೆ ವರ್ಷಗಟ್ಟಲೆ ಜಗಳ. ಪೊರಕೆಯ ಹಿಡಿಯಿಂದ ಗೋಡೆ ಕುಟ್ಟುತ್ತಾಳೆ. ಅವನು ಆಸ್ಪತ್ರೆ ಸೇರಿದಾಗ ಮನೆ ನಿಶ್ಶಬ್ದವಾಗಿ, ಇವಳಿಗೇ ನಿದ್ದೆ ಬರದೆ, ಹೋಗಿ ಅವನನ್ನು ನೋಡಿ, ‘ಬೇಗ ಬಂದು ಆ ದರಿದ್ರ ಪೆಟ್ಟಿಗೆ ಹಚ್ಚಯ್ಯ’ ಅನ್ನುತ್ತಾಳೆ.

ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಆ ಜಾಗ ಬಂದಾಗ ಬೆನ್ನು ಅಲುಗಾಡಿತು. ಅಳುತ್ತಿದ್ದಾರೇನೋ ಎಂದು ಹೆದರಿದೆ. ನಗುತ್ತಿದ್ದರು. ಮುಗಿದ ಮೇಲೆ ‘ಆಮೇಲೆ?’ ಅಂದರು. ‘ಆಮೇಲೆ ಇಲ್ಲ ಅತ್ತೆ, ಇದೇ ಕೊನೆ’ ಅಂದೆ. ಅದಕ್ಕೆ, ‘ಕತ್ತರಿಗೆ ವಯಸ್ಸಾಯ್ತು, ಬುದ್ಧಿ ಹೋಗಿದೆ, ಕೈ ಮಾತ್ರ ಇನ್ನೂ ಶೆಡ್ಡಿನಲ್ಲೇ ಇದೆ. ಕೊನೆ ಫಾರಂ ಮೊದಲು ಎತ್ತಿದ್ದಾಳೆ ನೋಡು’ ಅಂದರು. ಇಷ್ಟು ಉದ್ದದ ಮಾತನ್ನು ಅವರ ಬಾಯಲ್ಲಿ ಕೇಳಿ ಬಹಳ ಕಾಲವಾಗಿತ್ತು.

ಆಪರೇಷನ್ ಮಾತೆತ್ತಿದೆ. ಮತ್ತೆ ಗೋಡೆಗೆ ತಿರುಗಿದರು.

ನಿಮ್ಮ,
ಸೊಸೆ


ಜುಲೈ ೨

ಗೋಂದುಗೆ,

ನನ್ನ ಬುದ್ಧಿ ಹೋಗಿದೆ ಅಂದೆಯಂತೆ. ಇದ್ದಾಗ ನೀನು ನೋಡಿದ್ದೆಯಾ?

ತಪ್ಪು ಕೈಯದ್ದೇ. ಕೊನೆಯ ಫಾರಂ ತಳದಲ್ಲಿಟ್ಟು, ಅದರ ಹಿಂದಿನದನ್ನು ಅದರ ಮೇಲೆ, ಹೀಗೇ ಮೇಲೇರಿಸುತ್ತ ಬಂದು ಮೊದಲನೆಯದನ್ನು ತಲೆಯ ಮೇಲಿಡುವುದು, ಅಷ್ಟು ವರ್ಷ ಅದೇ ಕೆಲಸ. ಕೈ ಮೊದಲು ಹೋಗುವುದೇ ಕೊನೆಯದಕ್ಕೆ. ನೋಡದೆ ಲಕೋಟೆಗೆ ತುಂಬಿದೆ. ಈಗ ನನ್ನ ಗತಿ ನೋಡು: ಮಿಕ್ಕದ್ದೆಲ್ಲ ಓದಿ ಮುಗಿಸಿದ್ದೇನೆ, ಕೊನೆ ಮಾತ್ರ ನಿನ್ನ ಮನೆಯಲ್ಲಿದೆ. ಆ ರೇಡಿಯೋದವನು ಬದುಕಿದನೋ ಇಲ್ಲವೋ ಸೊಸೆಯ ಕೈಲಿ ಬರೆಸು.

ಆದರೆ ಹೀಗಾದದ್ದೇ ಒಳ್ಳೆಯದಾಯಿತು ಅನಿಸುತ್ತದೆ. ಹುಡುಗಿ ಗೋಡೆ ಕುಟ್ಟುವ ಮುದುಕಿಯಾಗುತ್ತಾಳೆ ಎಂದು ಗೊತ್ತಿದ್ದು ಓದಿದರೆ ಎದೆ ಸ್ವಲ್ಪ ತಡೆಯುತ್ತದೆ. ನಾನು ಬದುಕಿ ಬಂದಳು ಎಂದಷ್ಟೇ ತಿಳಿದು ಓದಿದೆ, ಈ ಪೊರಕೆ, ಜಗಳ ಗೊತ್ತಿರಲಿಲ್ಲ. ಎಷ್ಟೋ ಸಲ ಮಡಿಸಿಟ್ಟು, ಬೀದಿಗೆ ಹೋಗಿ, ಸೈಕಲ್ ಅಂಗಡಿಯವನು ಪಂಕ್ಚರ್ ಹಾಕುವುದನ್ನು ನೋಡಿಕೊಂಡು ನಿಂತು ಬಂದಿದ್ದೇನೆ. ಅವನು ‘ಏನಜ್ಜಿ, ಸೈಕಲ್ ಕಲಿಯಬೇಕಾ’ ಅನ್ನುತ್ತಾನೆ.

ಮೊದಲ ಎರಡು ಫಾರಂ ಕಳಿಸಿದ್ದೇನೆ. ರಟ್ಟನ್ನೂ ಇಟ್ಟಿದ್ದೇನೆ, ಹಾಳೆಗಳು ಚೆಲ್ಲಾಪಿಲ್ಲಿಯಾಗದೆ ಅದರೊಳಗಿರಲಿ. ರಟ್ಟಿನ ಮೇಲೆ ‘ಭರವಸೆಯ ಅಮರ ಕಥೆ’ ಎಂದು ಬಂಗಾರದ ಅಕ್ಷರದಲ್ಲಿ ಹಾಕಿದ್ದಾರೆ. ಹಾಕಿದವನಿಗೂ ಯಾರೋ ಮೂಗು ಮೇಸ್ತ್ರಿ ಇದ್ದಿರಬೇಕು, ಒಳಗೆ ನೋಡಲು ಬಿಟ್ಟಿಲ್ಲ. ಅವಳು ಎಲ್ಲೂ ‘ನನಗೆ ಭರವಸೆ ಇತ್ತು’ ಎಂದು ಬರೆದಿಲ್ಲ. ಹಸಿವಾಗಿತ್ತು, ಕಾಲು ಒದ್ದೆಯಾಗಿತ್ತು, ಪಕ್ಕದವಳು ಬೆಳಿಗ್ಗೆ ಏಳಲಿಲ್ಲ, ಹೀಗೆ ಬರೆದಿದ್ದಾಳೆ. ತಲೆ ಬೋಳಿಸಿದ ಮೇಲೂ ಒಬ್ಬಳು ಒಂದು ಮುರುಕು ಬಾಚಣಿಗೆಯನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಂಡಿದ್ದಳಂತೆ. ಸಿಕ್ಕಿಬಿದ್ದರೆ ಹೊಡೆತ. ಕೂದಲಿಲ್ಲದ ತಲೆಗೆ ಬಾಚಣಿಗೆ ಯಾಕೆ ಎಂದರೆ, ‘ಬೆಳೆದಾಗ ಯಾರ ಹತ್ತಿರ ಕೇಳೋಕೆ ಹೋಗಲಿ’ ಅಂದಳಂತೆ. ಇನ್ನೊಬ್ಬಳು ಸೂಜಿಯಿಲ್ಲ, ಉಣ್ಣೆಯಿಲ್ಲ, ಬರೀ ಬೆರಳಾಡಿಸಿ ಹುಡುಗಿಯರಿಗೆ ಸ್ವೆಟರ್ ಹೆಣೆಯುವುದು ಕಲಿಸುತ್ತಿದ್ದಳಂತೆ. ತಪ್ಪಿದರೆ ಗದರಿ ಇಲ್ಲದ ಉಣ್ಣೆಯನ್ನು ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದಳಂತೆ.

ಓದುತ್ತ ನಮ್ಮ ಶೆಡ್ಡು ಕಣ್ಣಿಗೆ ಬಂತು. ಅಲ್ಲಿಗೂ ಇಲ್ಲಿಗೂ ಹೋಲಿಕೆ ಅಲ್ಲ, ನಮ್ಮನ್ನು ಯಾರೂ ಕೊಲ್ಲಲು ಕೂರಿಸಿರಲಿಲ್ಲ, ಸಂಜೆ ಮನೆಗೆ ಹೋಗುತ್ತಿದ್ದೆವು. ಆ ಬೆರಳುಗಳಿಂದ ನೆನಪಾಯಿತು, ಅಷ್ಟೆ. ತಗಡಿನ ತೂತುಗಳಿಂದ ಬಿಸಿಲು ನಾಣ್ಯಗಳ ಹಾಗೆ ಕಾಗದದ ಮೇಲೆ ಬಿದ್ದು, ಮಧ್ಯಾಹ್ನ ಸರಿದಂತೆ ನನ್ನ ಕಡೆಯಿಂದ ನಿನ್ನ ಕಡೆಗೆ ಹೋಗುತ್ತಿತ್ತು. ಅಂಟು ಕಾಯಿಸುವ ವಾಸನೆ. ಕಟಿಂಗ್ ಮಿಷನ್ನಿನ ಬ್ಲೇಡು ಬಿದ್ದಾಗಲೆಲ್ಲ ನೆಲ ನಡುಗಿ ನಮ್ಮ ಸೂಜಿಗಳು ಕುಣಿಯುತ್ತಿದ್ದವು. ನೀನು ಬೆಳಿಗ್ಗೆ ಮೊದಲ ಫಾರಂ ಮಡಿಸುವಾಗ ಶುರು ಮಾಡಿದ ಮಾತು ಬೆಲ್ಲು ಹೊಡೆದರೂ ಮುಗಿಯುತ್ತಿರಲಿಲ್ಲ, ಅಂಟಿದರೆ ಬಿಡುವವಳಲ್ಲ. ಅದಕ್ಕೇ ಅಲ್ಲವೇ ಗೋಂದು ಎಂದು ಹೆಸರಿಟ್ಟದ್ದು. ನಾನು ನಡುವೆ ಒಂದು ಮಾತು ಹಾಕಿ ಕತ್ತರಿಸುತ್ತಿದ್ದೆ. ಈಗ ಕತ್ತರಿಸಲು ಎದುರಿಗೆ ಏನೂ ಇಲ್ಲ.

ಇಂತಿ,
ಕತ್ತರಿ


ಆಗಸ್ಟ್ ೧೧

ಮಗಳೇ,

ಇದನ್ನು ಬೇಕೆಂದೇ ನಿನ್ನ ಔಷಧಿ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಇದು ನಿನಗೆ ಮಾತ್ರ.

‘ಒಂದೊಂದೇ ಏನು ಭಿಕ್ಷೆ ಹಾಕ್ತಾಳೆ, ಎಲ್ಲಾ ಒಟ್ಟಿಗೆ ಕಳಿಸೋಕೆ ಹೇಳು’ ಎಂದು ನಿನ್ನ ಅತ್ತೆ ಗೊಣಗಿದಳು ಎಂದು ಬರೆದಿದ್ದೆಯಲ್ಲ, ಓದಿ ನನ್ನ ಹೊಟ್ಟೆ ತಣ್ಣಗಾಯಿತು. ಉಳಿದ ಫಾರಂಗಳೆಲ್ಲ ಇದರೊಳಗಿವೆ. ಆದರೆ ಮೂರನೆಯದನ್ನು ಬೇರೆ ಕಾಗದದಲ್ಲಿ ಸುತ್ತಿದ್ದೇನೆ.

ಅದರಲ್ಲಿ ರೈಲು ಶಿಬಿರಕ್ಕೆ ಬಂದು ನಿಲ್ಲುತ್ತದೆ. ಹುಡುಗಿ, ಅವಳ ತಾಯಿ, ಪುಟ್ಟ ತಂಗಿ ಇಳಿಯುತ್ತಾರೆ. ಒಬ್ಬ ಅಧಿಕಾರಿ ನಿಂತು ಬೆರಳಲ್ಲಿ ತೋರಿಸುತ್ತಾನೆ, ನೀನು ಈ ಕಡೆ, ನೀನು ಆ ಕಡೆ. ಆ ಕಡೆ ಹೋದವರು ಅದೇ ದಿನ ಇಲ್ಲವಾದರು. ತಾಯಿ ಮಕ್ಕಳು ಬೇರೆಯಾಗುವ ಫಾರಂ ಅದು. ಓದಿ ಎಷ್ಟೋ ದಿನ ನಾನು ಪುಸ್ತಕ ಮುಟ್ಟಲಿಲ್ಲ.

ಮಗನನ್ನು ಕಳೆದುಕೊಂಡವಳಿಗೆ ಅದನ್ನು ಓದಿ ಹೇಳಬೇಕೋ ಬೇಡವೋ ನನಗೆ ತಿಳಿಯದು. ನನಗೆ ಬಾಯಿದೆ, ಇಂಥದ್ದಕ್ಕೆ ಬೇಕಾದ ತಲೆಯಿಲ್ಲ. ಮೊದಲು ನೀನು ಒಬ್ಬಳೇ ಓದು. ನೀನೂ ಗಂಡನನ್ನು ಕಳೆದುಕೊಂಡವಳು, ಅದನ್ನು ಯಾರೂ ಎಣಿಕೆಗೆ ತೆಗೆದುಕೊಳ್ಳುವುದಿಲ್ಲ ಎಂದೂ ಗೊತ್ತು. ನಿನಗೆ ಬೇಡ ಅನಿಸಿದರೆ ಬಿಡು.

ಚಳಿಗಾಲ ಹತ್ತಿರ ಬರುತ್ತಿದೆ. ಆಪರೇಷನ್‌ಗೆ ಒಪ್ಪಿದಳಾ?

ಇಂತಿ,
ದೊಡ್ಡಮ್ಮ


ಸೆಪ್ಟೆಂಬರ್ ೨೩

ದೊಡ್ಡಮ್ಮನವರಿಗೆ ನಮಸ್ಕಾರಗಳು.

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೂರನೆಯದನ್ನು ಅಂಗಡಿಯಲ್ಲೇ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಓದಿದೆ. ಒಬ್ಬರು ಬಂದು ಕೆಮ್ಮಿನ ಔಷಧಿ ಕೇಳಿದರು, ನನ್ನ ಮುಖ ನೋಡಿ ‘ಆಮೇಲೆ ಬರ್ತೀನಮ್ಮಾ’ ಎಂದು ಹೊರಟುಹೋದರು. ಅತ್ತೆಗೆ ಓದಿ ಹೇಳಲು ನನ್ನಿಂದ ಆಗುವುದಿಲ್ಲ ಅನಿಸಿತು. ಬೀರುವಿನಲ್ಲಿ ನನ್ನ ಬಟ್ಟೆಗಳ ಅಡಿಯಲ್ಲಿಟ್ಟು, ಎರಡನೆಯದಾದ ಮೇಲೆ ನೇರ ನಾಲ್ಕನೆಯದನ್ನು ಓದಿದೆ.

‘ತಾಯಿ ಎಲ್ಲಿ?’ ಅಂದರು.

‘ಬೇರೆ ಕಡೆ ಕಳಿಸಿದ್ರಂತೆ’ ಅಂದೆ.

‘ಚಿಕ್ಕದು?’

‘ತಾಯಿ ಜೊತೆ.’

ಮುಂದೆ ಎಲ್ಲವನ್ನೂ ಕೇಳಿದರು. ಬಾಚಣಿಗೆ ಬಂದ ದಿನ ‘ನಮ್ಮ ಕತ್ತರಿನೇ ಇವಳು’ ಅಂದರು. ಮುಗಿದ ಮೇಲೆ, ‘ಎಲ್ಲಾ ಇಲ್ಲಿ ಕೊಡು’ ಎಂದು ಕೇಳಿ ತೊಡೆಯ ಮೇಲೆ ಹಾಕಿಕೊಂಡರು. ಕೈಯಲ್ಲೇ ತಡವಿ ಅಂಚು ಸರಿಮಾಡಿ, ಮಂಚದ ಚೌಕಟ್ಟಿಗೆ ಕುಟ್ಟಿ ಕೂರಿಸಿ, ರಟ್ಟಿನೊಳಗಿಟ್ಟು ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದರು. ಮತ್ತೆ ಒತ್ತಿದರು.

‘ಬೆನ್ನು ಸಡಿಲ ಇದೆ. ಒಂದು ಫಾರಂ ಕಡಿಮೆ’ ಅಂದರು.

‘ತಾಯಿದು ತಾನೇ?’ ಅಂದರು. ಎದ್ದು ಹೋಗಿ ತಂದುಕೊಟ್ಟೆ. ‘ಓದ್ಲಾ ಅತ್ತೆ?’ ಎಂದು ಕೇಳಿದೆ. ‘ಬೇಡ. ನೀನು ಅಳ್ತೀಯ, ನಾನು ನಿನ್ನ ಸಮಾಧಾನ ಮಾಡ್ತಾ ಕೂರಬೇಕಾಗುತ್ತೆ, ಓದು ಅಲ್ಲೇ ಉಳಿಯುತ್ತೆ. ಇದನ್ನ ನಾನೇ ಓದಬೇಕು’ ಅಂದರು. ಅದನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದರು.

ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ, ‘ಆ ಕಣ್ಣಿನ ಡಾಕ್ಟರು ವಾರದಲ್ಲಿ ಯಾವತ್ತು ಸಿಗ್ತಾರೆ?’ ಎಂದು ಕೇಳಿದರು.

ನಿಮ್ಮ,
ಸೊಸೆ


ಅಕ್ಟೋಬರ್ ೫

ಗೋಂದುಗೆ,

ಮುಂದಿನ ವಾರ ನಿನ್ನ ಕಣ್ಣಿಗೆ ಆಪರೇಷನ್ ಎಂದು ಸೊಸೆ ತಿಳಿಸಿದ್ದಾಳೆ. ಹೆದರಬೇಡ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಹೆದರು, ಹೆದರಿಕೊಂಡೇ ಹೋಗಿ ಮಲಗು. ಡಾಕ್ಟರಿಗೆ ಬುದ್ಧಿ ಹೇಳಬೇಡ, ಅಷ್ಟು ಸಾಕು.

ನಿನ್ನ ಮಗನ ಮಾತೆತ್ತಬಾರದು ಎಂದು ವರ್ಷದಿಂದ ಎಲ್ಲರೂ ಬಾಯಿ ಹೊಲಿದುಕೊಂಡಿದ್ದೇವೆ. ಇವತ್ತು ನಾನು ಎತ್ತುತ್ತೇನೆ. ಅವನು ಕೂಸಾಗಿದ್ದಾಗ ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ನೀನು ಶೆಡ್ಡಿಗೇ ಎತ್ತಿಕೊಂಡು ಬರುತ್ತಿದ್ದೆ. ಕಟಿಂಗ್ ಮಿಷನ್ನಿನಿಂದ ಉದುರಿದ ಕಾಗದದ ಪಟ್ಟಿಗಳನ್ನು ಮರದ ಪೆಟ್ಟಿಗೆಗೆ ತುಂಬಿ, ಮೇಲೆ ನಿನ್ನ ಹಳೇ ಸೀರೆ ಹಾಸಿ, ಅದರಲ್ಲಿ ಮಲಗಿಸುತ್ತಿದ್ದೆವು. ಹೊರಳಿದರೆ ಸರಸರ ಸದ್ದು. ಮೇಸ್ತ್ರಿ ಬಂದಾಗ ಪೆಟ್ಟಿಗೆಯನ್ನು ಕಾಲಿನಿಂದ ಮೇಜಿನ ಕೆಳಗೆ ನೂಕುತ್ತಿದ್ದೆವು. ಒಂದು ದಿನ ಅವನು ನಿಂತಿದ್ದಾಗಲೇ ಕೂಸು ಸೀನಿತು. ಮೇಸ್ತ್ರಿ ಮೇಜಿನ ಕೆಳಗೆ ಬಗ್ಗಿ ನೋಡಿ, ಎದ್ದು, ‘ಈ ಫಾರಂ ಒದ್ದೆಯಾಗಿದೆ, ಒಣಗಿಸ್ಕೊಳ್ಳಿ ತಾಯಂದಿರಾ’ ಎಂದು ಹೋದ. ಆಮೇಲಿಂದ ಪೆಟ್ಟಿಗೆಗೆ ಒಳ್ಳೆಯ ಕಾಗದವನ್ನು ಅವನೇ ಆರಿಸಿ ಕಳಿಸುತ್ತಿದ್ದ.

ಅಷ್ಟೇ ಬರೆಯಬೇಕಿತ್ತು. ಬೇರೆ ಉದ್ದೇಶವಿಲ್ಲ.

ಇಂತಿ,
ಕತ್ತರಿ


ನವೆಂಬರ್ ೧೬

ಕತ್ತರಿಗೆ,

ಇದು ನನ್ನದೇ ಕೈಬರಹ. ಅಕ್ಷರ ಸೊಟ್ಟಗಿದೆ ಎಂದು ಹೇಳಬೇಡ, ಮೊದಲೂ ಹೀಗೇ ಇತ್ತು, ನಿನಗೆ ಮರೆತಿದೆ.

ಒಂದು ಕಣ್ಣು ತೆರೆದಿದೆ. ಕಟ್ಟು ಬಿಚ್ಚಿದಾಗ ಮೊದಲು ಕಂಡದ್ದು ಸೊಸೆ. ಇಷ್ಟು ಬಡಕಲಾಗಿದ್ದಾಳೆ ಎಂದು ನನಗೆ ಯಾರೂ ಹೇಳಿರಲಿಲ್ಲ. ಆ ದಿನದಿಂದ ಎದುರಿಗೆ ಕೂರಿಸಿಕೊಂಡು ಉಣ್ಣಿಸುತ್ತಿದ್ದೇನೆ.

ಡಾಕ್ಟರು ಓದಬಹುದು ಎಂದ ಮೇಲೆ ಮೂರನೇ ಫಾರಂ ತೆಗೆದೆ. ನಿನ್ನ ಹಾಗೆಯೇ ಬೆರಳಿಟ್ಟು, ಬಹಳ ದಿನ ಹಿಡಿಯಿತು. ತಾಯಿ ಅಷ್ಟು ದೊಡ್ಡ ಗಳಿಗೆಯಲ್ಲಿ ಮಗಳಿಗೆ ಏನು ಹೇಳಿದಳೋ ಅದನ್ನು ನೋಡಬೇಕಿತ್ತು ನನಗೆ. ಅದಕ್ಕೇ ಕಣ್ಣು ಕೊಯ್ಯಿಸಿಕೊಂಡೆ, ನೀನು ಬೈದೆ ಎಂದಲ್ಲ. ದೇವರನ್ನು ನೆನೆದಳೋ, ಮುದ್ದಿಟ್ಟಳೋ ಎಂದು ಹುಡುಕುತ್ತ ಹೋದೆ. ನೀನೂ ಓದಿದ್ದೀಯ. ‘ಕೋಟಿನ ಗುಂಡಿ ಹಾಕ್ಕೋ. ಎಷ್ಟು ಸಲ ಹೇಳಬೇಕು ನಿನಗೆ’ ಅಂದಳು. ಅಷ್ಟೆ. ಹುಡುಗಿಗೆ ಸಿಟ್ಟು ಬಂತು. ಬಗ್ಗಿ ಗುಂಡಿ ಹಾಕಿಕೊಂಡು ತಲೆಯೆತ್ತುವಷ್ಟರಲ್ಲಿ ತಾಯಿಯೂ ತಂಗಿಯೂ ಆ ಕಡೆಯ ಸಾಲಿನಲ್ಲಿ ಬೆನ್ನು ಮಾಡಿ ನಡೆಯುತ್ತಿದ್ದರು.

ಅವಳ ದುಃಖಕ್ಕೆ ನನ್ನದನ್ನು ಜೋಡಿಸುವುದಿಲ್ಲ. ನನ್ನ ಮಗನನ್ನು ಯಾರೂ ಬೆರಳು ತೋರಿಸಿ ಕಳಿಸಲಿಲ್ಲ. ಆದರೆ ಆ ತಾಯಿಯ ಬಾಯಿ ನನಗೆ ಗೊತ್ತು, ಕತ್ತರಿ. ನನ್ನದೂ ಅದೇ ಬಾಯಿ.

ಅವತ್ತು ಬೆಳಿಗ್ಗೆ ಗಾಳಿಗೆ ಎಲ್ಲೋ ಕರೆಂಟಿನ ತಂತಿ ಹರಿದಿದೆ ಎಂದು ಇವನನ್ನು ಕರೆದರು. ಲೈನ್‌ಮನ್ ಕೆಲಸ ಎಂದರೆ ಹಾಗೆಯೇ, ಟೀ ಅರ್ಧಕ್ಕೆ ಬಿಟ್ಟು ಓಡುವುದು. ಚಪ್ಪಲಿ ಮೆಟ್ಟಿ ಹೊರಟ. ‘ಏಣಿ ಹತ್ತೋನು ಚಪ್ಪಲೀಲಿ ಹೋಗ್ತೀಯಾ, ಬೂಟು ಹಾಕ್ಕೊಳ್ಳೋ ಕತ್ತೆ’ ಅಂದೆ. ‘ನಾನೇನು ಚಿಕ್ಕ ಮಗುವಾ’ ಅಂದ. ‘ನಿಮ್ಮಪ್ಪನ ಹಾಗೇ ಮೊಂಡ’ ಅಂದೆ. ಬಾಗಿಲು ದಡ್ ಎಂದು ಹಾಕಿಕೊಂಡು ಹೋದ. ಏಣಿಯ ಮೆಟ್ಟಿಲು ಮುರಿದು ಬಿದ್ದ ಎಂದು ಆಮೇಲೆ ಎಲ್ಲರೂ ಹೇಳಿದರು. ನನ್ನ ಸಮಾಧಾನಕ್ಕೆ ಹೇಳುತ್ತಾರೆ ಎಂದುಕೊಂಡೆ. ಚಪ್ಪಲಿ ಜಾರಿದೆ, ನಾನು ಕತ್ತೆ ಅನ್ನದಿದ್ದರೆ ಬೂಟು ಹಾಕಿಕೊಳ್ಳುತ್ತಿದ್ದ, ನನ್ನ ಮೇಲಿನ ಹಟಕ್ಕೆ ಹೋದ ಎಂದು ವರ್ಷವೆಲ್ಲ ಗೋಡೆ ನೋಡಿಕೊಂಡು ಅದನ್ನೇ ಹೊಲಿದೆ, ಬಿಚ್ಚಿದೆ. ಯಾರಿಗೂ ಹೇಳಲಿಲ್ಲ. ಸೊಸೆಗಂತೂ ಯಾವ ಮುಖದಿಂದ ಹೇಳಲಿ.

ಗುಂಡಿಯ ಮಾತು ಓದಿದ ದಿನ ಹೇಳಿದೆ. ಅವಳು ತೊಳೆದ ಪಾತ್ರೆ ಒರೆಸುತ್ತಿದ್ದಳು. ಕೈಲಿದ್ದದ್ದನ್ನು ಇಟ್ಟು ನನ್ನನ್ನೇ ನೋಡಿದಳು.

‘ಅತ್ತೆ, ಅವರು ವಾಪಸ್ ಬಂದಿದ್ರು’ ಅಂದಳು. ‘ಬೀದಿ ತಿರುವಿನ ತನಕ ಹೋಗಿ, ಹಿತ್ತಲ ಬಾಗಿಲಿಂದ ಬಂದ್ರು. ನೀವು ಮುಂದೆ ಬಟ್ಟೆ ಒಣಹಾಕ್ತಾ ಇದ್ರಿ. ಚಪ್ಪಲಿ ಬಿಟ್ಟು ಬೂಟು ಹಾಕ್ಕೊಂಡ್ರು.’

ಬೀರುವಿನ ಮೇಲಿಂದ ಒಂದು ಚೀಲ ಇಳಿಸಿ ತಂದಳು. ಆಸ್ಪತ್ರೆಯವರು ಕೊಟ್ಟ ಚೀಲ, ನಾನು ಯಾರನ್ನೂ ಮುಟ್ಟಲು ಬಿಟ್ಟಿರಲಿಲ್ಲ. ಒಳಗೆ ಬೂಟು ಇತ್ತು. ಹಿಮ್ಮಡಿಯಲ್ಲಿ ಮಣ್ಣು ಹಾಗೇ ಒಣಗಿತ್ತು. ಎರಡರ ಲೇಸೂ ಬಿಗಿಯಾಗಿ ಕಟ್ಟಿದ್ದು ಕಂಡಿತು, ನನ್ನದೇ ಕಣ್ಣಿಗೆ.

‘ಇಷ್ಟು ದಿನ ಯಾಕೆ ಹೇಳ್ಲಿಲ್ಲ?’ ಅಂದೆ.

‘ನೀವು ಕೇಳಲಿಲ್ಲ. ಅಲ್ದೆ ಅವರು ಹೇಳಬೇಡ ಅಂದಿದ್ರು.’

‘ಏನಂದ?’

‘“ಅಮ್ಮನಿಗೆ ಹೇಳಬೇಡ, ಗೆದ್ದೆ ಅಂದ್ಕೋತಾಳೆ” ಅಂತ ನಗ್ತಾ ಹೋದ್ರು.’

ಗೆದ್ದೆ ಅಂದುಕೊಂಡೆ ಕಣೇ.

ಇಂತಿ,
ಗೋಂದು